ಹದಿನಾರು ಗಂಟೆ ದುಡಿದವರು ಯಾರು?

ಜನವರಿ 11

ಅಮ್ಮ,

ಹದಿನಾಲ್ಕು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲೇ ಕೇಳಬಹುದಿತ್ತು, ಆದರೆ ಫೋನಿನಲ್ಲಿ ಕಾಮಾ ಕಾಣಿಸುವುದಿಲ್ಲ ಎಂದು ನೀನೇ ಹೇಳುತ್ತೀಯಲ್ಲ.

ವಿಷಯ ಇಷ್ಟು. ಆರು ವರ್ಷದಿಂದ ಲಿಫ್ಟುಗಳ ತಪಾಸಣೆ ಮಾಡುತ್ತಿದ್ದೇನೆ. ಹಗ್ಗದ ತಂತಿ ಎಷ್ಟು ಸವೆದಿದೆ, ಬ್ರೇಕು ಎಲ್ಲಿ ಜಾರುತ್ತದೆ ಎಂದು ಕಣ್ಣುಮುಚ್ಚಿಕೊಂಡು ಹೇಳಬಲ್ಲೆ. ಹೋದ ತಿಂಗಳು ನನ್ನನ್ನು ಹಿರಿಯ ಇನ್‌ಸ್ಪೆಕ್ಟರ್ ಮಾಡಿದರು. ಇನ್ನು ಮುಂದೆ ವರದಿಗಳನ್ನು ನಾನೇ ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ. ಬರೆದ ಮೂರೂ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸು ಬಂದವು.

ನಮ್ಮ ದೊಡ್ಡ ಸಾಹೇಬರು ಒಳಗೆ ಕರೆದು, “ಕೆಲಸ ನೋಡಿದ್ರೆ ಚಿನ್ನ, ಬರವಣಿಗೆ ನೋಡಿದ್ರೆ ಜಲ್ಲಿಕಲ್ಲು. ಯಾರ ಹತ್ರಾನಾದ್ರೂ ತಿದ್ದಿಸ್ಕೊಂಡು ಬಾಮ್ಮ” ಎಂದರು. ಪಕ್ಕದ ಮೇಜಿನ ಗೆಳತಿ ಬಿಡಲಿಲ್ಲ. “ನಿಮ್ಮಮ್ಮ ಪ್ರೆಸ್ಸಲ್ಲಿ ಪ್ರೂಫ್ ನೋಡ್ತಾರೆ ಅಂದಿದ್ದೆ ಅಲ್ವಾ? ಮನೇಲೇ ಡಾಕ್ಟರನ್ನ ಇಟ್ಕೊಂಡು ಊರೆಲ್ಲಾ ಆಸ್ಪತ್ರೆ ಹುಡುಕ್ತೀಯಲ್ಲೇ!” ಎಂದಳು.

ವರದಿಯೊಂದನ್ನು ಇದರ ಜೊತೆ ಇಟ್ಟಿದ್ದೇನೆ. ತಿದ್ದಿ ಕಳಿಸು. ಒಂದು ಷರತ್ತು: ವರದಿಯನ್ನು ಮಾತ್ರ ತಿದ್ದಬೇಕು. ಈ ಕಾಗದವನ್ನಲ್ಲ.

ನಿನ್ನ ಮಗಳು

*

ಜನವರಿ 19

ಮಗಳೇ,

ಷರತ್ತು ಒಪ್ಪಿದೆ.

ನಿನ್ನ ವರದಿಯಲ್ಲಿ ನಲವತ್ತಮೂರು ತಪ್ಪುಗಳಿವೆ. ಹೆದರಬೇಡ, ಅವು ಆರೇ ತಪ್ಪುಗಳ ಮಕ್ಕಳು ಮೊಮ್ಮಕ್ಕಳು. ತಾಯಿಬೇರು ಕಿತ್ತರೆ ಎಲ್ಲ ಒಣಗುತ್ತವೆ.

‘ಡಿಸ್ಕಸ್ಡ್ ಅಬೌಟ್’ ಎಂದು ಐದು ಕಡೆ ಬರೆದಿದ್ದೀಯ. ಡಿಸ್ಕಸ್ ಎನ್ನುವುದರ ಹೊಟ್ಟೆಯಲ್ಲೇ ಅಬೌಟ್ ಇದೆ. ಹೊರಗಿನಿಂದ ಇನ್ನೊಂದು ತಂದು ಕೊಡಬೇಡ, ಪಾಪ. ‘ರಿಟರ್ನ್ಡ್ ಬ್ಯಾಕ್’ ಕೂಡ ಅದೇ ಕಥೆ. ‘ಒನ್ ಆಫ್ ದಿ’ ಎಂದ ಮೇಲೆ ಹಗ್ಗಗಳು ಎಂದು ಬರಬೇಕು, ಹಗ್ಗ ಎಂದಲ್ಲ. ಒಂದೇ ಹಗ್ಗ ಇದ್ದರೆ ಅದರಲ್ಲಿ ಒಂದನ್ನು ಹೇಗೆ ಆರಿಸುತ್ತೀಯ?

ಕಂಡ ಕಂಡ ‘ಇಟ್ಸ್’ಗೆಲ್ಲ ನೆತ್ತಿಯ ಮೇಲೆ ಅಪಾಸ್ಟ್ರಫಿಯ ಬಾಲ ಅಂಟಿಸಿದ್ದೀಯ. ಬಾಲ ಇದ್ದರೆ ‘ಅದು ಇದೆ’, ಇಲ್ಲದಿದ್ದರೆ ‘ಅದರ’. ಈಗ ನಿನ್ನ ವರದಿಯಲ್ಲಿ ‘ಲಿಫ್ಟು ಮತ್ತು ಅದು ಇದೆ ಬಾಗಿಲು’ ಎಂದಾಗಿದೆ. ದೊಡ್ಡ ಸಾಹೇಬರು ಅಷ್ಟಕ್ಕೇ ಬಿಟ್ಟದ್ದು ಅವರ ದೊಡ್ಡತನ.

ಕಾಮಾ ಬಡಪಾಯಿ. ಎರಡು ಪೂರ್ಣ ವಾಕ್ಯಗಳನ್ನು ಹೊರುವ ತ್ರಾಣ ಅದಕ್ಕಿಲ್ಲ. ಎಂಟು ಜನ ಎಂದು ಬೋರ್ಡಿರುವ ಲಿಫ್ಟಿಗೆ ಇಪ್ಪತ್ತು ಜನ ಹತ್ತಿದರೆ ನೀನು ಸುಮ್ಮನಿರುತ್ತೀಯಾ? ಪೂರ್ಣವಿರಾಮ ಹಾಕು, ಕೆಳಗಿಳಿ, ಮತ್ತೆ ಹತ್ತು.

ಇನ್ನು ‘ಎ’ ಮತ್ತು ‘ದಿ’. ನಮ್ಮ ಭಾಷೆಯಲ್ಲಿ ಇವು ಇಲ್ಲ, ಅದಕ್ಕೇ ಕೈ ತಪ್ಪುತ್ತದೆ. ಓದುವವರಿಗೆ ಇನ್ನೂ ಪರಿಚಯವಿಲ್ಲದ ಯಾವುದೋ ಒಂದಕ್ಕೆ ‘ಎ’. ಬರೆಯುವವರಿಗೂ ಓದುವವರಿಗೂ ಇಬ್ಬರಿಗೂ ಗೊತ್ತಿರುವುದಕ್ಕೆ ‘ದಿ’. ಇಷ್ಟು ನೆನಪಿದ್ದರೆ ಮುಕ್ಕಾಲು ಪಾಲು ಗೆದ್ದಂತೆ.

ತಿದ್ದಿದ ಪ್ರತಿ ಜೊತೆಗಿದೆ. ಪೆನ್ಸಿಲಿನಲ್ಲಿ ತಿದ್ದಿದ್ದೇನೆ, ಕೆಂಪು ಶಾಯಿಯಲ್ಲಲ್ಲ.

ಅಮ್ಮ

*

ಫೆಬ್ರವರಿ 6

ಅಮ್ಮ,

ವರದಿ ಪಾಸಾಯಿತು! ದೊಡ್ಡ ಸಾಹೇಬರು ಕನ್ನಡಕ ತೆಗೆದು, “ಇದು ನೀನೇ ಬರೆದಿದ್ದಾ? ಒಂದೇ ಉಸಿರಲ್ಲಿ ಓದಿಸ್ಕೊಂಡು ಹೋಯ್ತಲ್ಲ” ಎಂದರು. ನನ್ನ ಗೆಳತಿ ನಿನ್ನ ಪಟ್ಟಿಯನ್ನು ನಕಲು ಮಾಡಿಕೊಂಡು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾಳೆ. ಈಗ ಕಚೇರಿಯಲ್ಲಿ ಯಾರಾದರೂ ‘ಡಿಸ್ಕಸ್ ಅಬೌಟ್’ ಎಂದರೆ ಇಬ್ಬರೂ ಕೆಮ್ಮುತ್ತೇವೆ.

ಈ ವಾರ ಒಂದು ದೊಡ್ಡ ಪ್ರಕರಣ ಬಂದಿದೆ. ಬಟ್ಟೆ ಗೋದಾಮೊಂದರಲ್ಲಿ ಸರಕಿನ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಸಿಕ್ಕಿಕೊಂಡಿತು. ಬಿಡಿಸಲು ಲಿಫ್ಟು ಓಡಾಡುವ ಗುಂಡಿಗೆ ಇಳಿದ ಮೆಕ್ಯಾನಿಕ್ ಮುಖ್ಯ ಸ್ವಿಚ್ಚು ಆರಿಸುವುದನ್ನು ಮರೆತರು. ಲಿಫ್ಟು ಇದ್ದಕ್ಕಿದ್ದಂತೆ ಜರುಗಿ ಅವರ ಎಡಗಾಲು ಗೋಡೆಗೂ ಅದಕ್ಕೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ಮೂರು ಕಡೆ ಮುರಿದಿದೆ.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಅವರನ್ನು ಮಾತಾಡಿಸಿದೆ. ಇಪ್ಪತ್ತು ವರ್ಷ ಸರ್ವೀಸಿನವರು. “ಸ್ವಿಚ್ ಆರಿಸ್ದೆ ಇಳಿಯೋನಲ್ಲ ಮೇಡಂ ನಾನು. ಹಿಂದಿನ ದಿನ ಸಂಜೆ ಆರಕ್ಕೆ ಬಂದೋನು ಬೆಳಿಗ್ಗೆ ಹತ್ತಾದ್ರೂ ಮನೆಗೆ ಬಿಟ್ಟಿರಲಿಲ್ಲ. ತಲೆ ಗಿರ್ ಅಂತಿತ್ತು. ಆಗಲ್ಲ ಅಂದೆ, ಮ್ಯಾನೇಜರು ಇಳೀಲೇಬೇಕು ಅಂದ್ರು” ಎಂದರು. ಹದಿನಾರು ಗಂಟೆ, ಅಮ್ಮ! ಹತ್ತು ಗಂಟೆಗಿಂತ ಹೆಚ್ಚು ದುಡಿದವರನ್ನು ಲಿಫ್ಟಿನ ಗುಂಡಿಗೆ ಇಳಿಸಕೂಡದೆಂದು ನಿಯಮವೇ ಇದೆ. ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಅಲ್ಲೇ ಬರೆದುಕೊಂಡೆ.

ಒಂದು ಪ್ರಶ್ನೆ. ವರದಿ ನಿಷ್ಪಕ್ಷಪಾತವಾಗಿರಬೇಕು, ಅದಕ್ಕಾಗಿ ಎಲ್ಲವನ್ನೂ ‘ಮಾಡಲಾಯಿತು, ನೋಡಲಾಯಿತು’ ಎಂದೇ ಬರೆಯಬೇಕು ಎನ್ನುತ್ತಾರೆ ಇಲ್ಲಿ. ಸರಿಯಾ?

ನಿನ್ನ ಮಗಳು

*

ಫೆಬ್ರವರಿ 13

ಮಗಳೇ,

ನಮ್ಮ ಪ್ರೂಫ್ ಕೋಣೆಯಲ್ಲಿ ನಾವು ಮೂವರು. ಕಿಟಕಿಯ ಪಕ್ಕದ ಕುರ್ಚಿ ನನ್ನದು. ಒಬ್ಬಳು ಮೂಲಪ್ರತಿಯನ್ನು ಜೋರಾಗಿ ಓದುತ್ತಾಳೆ, ಕಾಮಾ, ಪೂರ್ಣವಿರಾಮವನ್ನೂ ಬಾಯಿಬಿಟ್ಟು ಹೇಳುತ್ತಾಳೆ. ನಾನು ಅಚ್ಚಾದ ಹಾಳೆಯ ಮೇಲೆ ಕಣ್ಣಾಡಿಸುತ್ತೇನೆ. ನಿನ್ನ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿದೆ. ಅವಳು, “ಮನೇಲಿ ಲೋಟ ಒಡೆದಾಗ ನನ್ನ ಮಗ ಇದೇ ಇಂಗ್ಲಿಷ್ ಮಾತಾಡ್ತಾನೆ. ‘ಅಮ್ಮಾ, ಲೋಟ ಒಡೆದೋಯ್ತು’ ಅಂತಾನೆಯೇ ಹೊರತು ‘ಒಡೆದೆ’ ಅನ್ನಲ್ಲ” ಎಂದಳು.

ಅದೇ ಉತ್ತರ. ಮಾಡಿದವರು ಯಾರೆಂದು ಗೊತ್ತಿಲ್ಲದಿದ್ದಾಗ, ಅಥವಾ ಅದು ಮುಖ್ಯವಲ್ಲದಾಗ ‘ಮಾಡಲಾಯಿತು’ ಎನ್ನು, ಅಡ್ಡಿಯಿಲ್ಲ. ಗೊತ್ತಿದ್ದೂ ಹೇಳದಿದ್ದರೆ ಅದು ನಿಷ್ಪಕ್ಷಪಾತವಲ್ಲ, ಬಚ್ಚಿಟ್ಟುಕೊಳ್ಳುವುದು. ‘ಆದೇಶಿಸಲಾಯಿತು’ ಎಂದು ಬರೆಯಬೇಡ. ಮ್ಯಾನೇಜರು ಆದೇಶಿಸಿದರು ಎಂದು ಬರೆ. ಕ್ರಿಯಾಪದಕ್ಕೊಬ್ಬ ಒಡೆಯ ಇರಬೇಕು.

ವರದಿ ಮುಗಿದ ಮೇಲೆ ಕಳಿಸುವ ಮುಂಚೆ ನನಗೊಮ್ಮೆ ತೋರಿಸು. ಬೆಂಚಿನ ಮೇಲೆ ನಿಂತು ಪಾಠ ಒಪ್ಪಿಸೆಂದು ಹೇಳುತ್ತಿಲ್ಲ. ಇದು ಒಬ್ಬರ ಕಾಲಿನ ವಿಷಯ.

ಫೋನಿನಲ್ಲಿ ನಿನ್ನ ಧ್ವನಿ ಒಡೆದಿತ್ತು. ಲಿಫ್ಟಿನ ಗುಂಡಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ?

ಅಮ್ಮ

*

ಮಾರ್ಚ್ 20

ಅಮ್ಮ,

ನಿನಗೆ ತೋರಿಸಲು ಪುರಸೊತ್ತು ಸಿಗಲಿಲ್ಲ. ಸುರಕ್ಷತಾ ಮಂಡಳಿಯವರು ಎರಡು ದಿನ ಮುಂಚೆಯೇ ಕೇಳಿದರು, ನೇರವಾಗಿ ಕಳಿಸಿಬಿಟ್ಟೆ. ಆದರೆ ಹೇಳುತ್ತೇನೆ ಕೇಳು, ಇಪ್ಪತ್ತೆರಡು ಪುಟದಲ್ಲಿ ದೊಡ್ಡ ಸಾಹೇಬರು ಒಂದು ಗೀಟು ಸಹ ಎಳೆಯಲಿಲ್ಲ. “ಫಸ್ಟ್ ಕ್ಲಾಸ್” ಎಂದರು. ‘ದಿ’ಗಳು ತಂತಮ್ಮ ಜಾಗದಲ್ಲಿವೆ. ಬಾಲಗಳನ್ನು ಕತ್ತರಿಸಿದ್ದೇನೆ. ಕ್ರಿಯಾಪದಗಳಿಗೆಲ್ಲ ಒಡೆಯರನ್ನು ಕೊಟ್ಟಿದ್ದೇನೆ.

ಪ್ರತಿಯೊಂದನ್ನು ಕಳಿಸುತ್ತಿದ್ದೇನೆ, ತಿದ್ದಲಿಕ್ಕಲ್ಲ, ಓದಲಿಕ್ಕೆ. ಬಟ್ಟೆ ಕಟ್ಟಿಕೊಳ್ಳುತ್ತೇನೆ.

ನಿನ್ನ ಮಗಳು

*

ಮಾರ್ಚ್ 27

ಮಗಳೇ,

ಓದಿದೆ. ಚೆನ್ನಾಗಿದೆ ಎಂದರೆ ಕಡಿಮೆಯಾಯಿತು. ಹತ್ತನೆಯ ಪುಟದಲ್ಲಿ ಹಗ್ಗದ ಬಗ್ಗೆ ಬರೆದದ್ದನ್ನು ನಮ್ಮ ಕೋಣೆಯಲ್ಲಿ ಗಟ್ಟಿಯಾಗಿ ಓದಿಸಿದೆ. ಲಿಫ್ಟನ್ನೇ ಹತ್ತದ ನಮ್ಮ ಮಾಲೀಕರಿಗೂ ಅರ್ಥವಾಯಿತು.

ಆದರೆ ಹದಿನೇಳನೆಯ ಪುಟದಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ನೋಡು. ‘ಹ್ಯಾವಿಂಗ್ ವರ್ಕ್ಡ್ ಸಿಕ್ಸ್‌ಟೀನ್ ಅವರ್ಸ್ ವಿದೌಟ್ ರೆಸ್ಟ್, ದಿ ಮ್ಯಾನೇಜರ್ ಆರ್ಡರ್ಡ್ ದಿ ಮೆಕ್ಯಾನಿಕ್ ಟು ಫ್ರೀ ದಿ ಲಿಫ್ಟ್.’

ಅಕ್ಷರ ಸರಿ, ಕಾಮಾ ಸರಿ. ಹದಿನಾರು ಗಂಟೆ ದುಡಿದವರು ಯಾರು?

ನಿನ್ನ ಮನಸ್ಸಿನಲ್ಲಿ ಮೆಕ್ಯಾನಿಕ್. ನಿನ್ನ ವಾಕ್ಯದಲ್ಲಿ ಮ್ಯಾನೇಜರು. ನಮ್ಮ ಮಾತಿಗೆ ತಂದುಕೊಂಡು ನೋಡು: ‘ಹದಿನಾರು ಗಂಟೆ ವಿರಾಮವಿಲ್ಲದೆ ದುಡಿದು, ಮ್ಯಾನೇಜರು ಮೆಕ್ಯಾನಿಕ್‌ಗೆ ಲಿಫ್ಟು ಬಿಡಿಸಲು ಆದೇಶಿಸಿದರು.’ ಕಿವಿಗೇ ಕೇಳಿಸುತ್ತದಲ್ಲವೇ? ‘ಉಂಡು ಹೋದ’ ಎಂದರೆ ಉಂಡವನೂ ಅವನೇ, ಹೋದವನೂ ಅವನೇ. ಇಂಗ್ಲಿಷಿನಲ್ಲೂ ಹಾಗೆಯೇ. ವಾಕ್ಯದ ತಲೆಯಲ್ಲಿ ಬಂದ ತುಂಡು ಕಾಮಾದಾಚೆ ಮೊದಲು ಸಿಕ್ಕವರ ಕೊರಳಿಗೆ ಬೀಳುತ್ತದೆ. ಎಂಥೆಂಥ ಪ್ರೊಫೆಸರುಗಳೂ ಮಾಡುವ ತಪ್ಪು ಇದು. ಬರೆಯುವವರಿಗೆ ಸತ್ಯ ಮೊದಲೇ ಗೊತ್ತಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಕೂಡಲೇ ಮಂಡಳಿಗೆ ಒಂದು ತಿದ್ದುಪಡಿ ಕಳಿಸು. ನಾಳೆಯೇ.

ಅಮ್ಮ

*

ಏಪ್ರಿಲ್ 2

ಅಮ್ಮ,

ತಿದ್ದಲಿಕ್ಕಲ್ಲ, ಓದಲಿಕ್ಕೆ ಎಂದು ಬರೆದಿದ್ದೆ.

ವರದಿಯನ್ನು ಓದಿದ ಐದು ಜನರಿಗೂ ಅರ್ಥವಾಗಿದೆ, ನಿನ್ನೊಬ್ಬಳಿಗೆ ಆಗಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಬಿದ್ದಿರುವವರು ದಣಿದಿದ್ದರೋ ಕುರ್ಚಿಯಲ್ಲಿ ಕೂತವರು ದಣಿದಿದ್ದರೋ ಎಂದು ಯಾರಿಗಾದರೂ ಸಂಶಯ ಬರುತ್ತದಾ? ಮಂಡಳಿಯಲ್ಲಿರುವವರು ಮನುಷ್ಯರು, ಪ್ರೂಫ್ ರೀಡರುಗಳಲ್ಲ.

ನಿನಗೆ ಎಲ್ಲವೂ ಪ್ರೂಫೇ. ಅಪ್ಪ ತೀರಿಕೊಂಡು ನಾನು ಹಾಸ್ಟೆಲಿಗೆ ವಾಪಸು ಹೋದ ಮೇಲೆ ನಿನಗೊಂದು ಕಾಗದ ಬರೆದಿದ್ದೆ. ಅಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕೆಂಬ ನಿಯಮ. ನನಗೆ ಹದಿನೇಳು ವರ್ಷ. ‘ಮೈ ಫಾದರ್ ಹ್ಯಾಸ್ ಡೈಡ್ ಆನ್ ಟ್ಯೂಸ್‌ಡೇ’ ಎಂದು ಶುರು ಮಾಡಿದ್ದೆ. ಎಂಟು ದಿನಕ್ಕೆ ಅದೇ ಕಾಗದ ವಾಪಸು ಬಂತು. ‘ಹ್ಯಾಸ್’ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ನಿನ್ನ ದುಂಡು ಅಕ್ಷರ: ‘ಮಂಗಳವಾರ ಎಂದು ದಿನ ಹೇಳಿದ ಮೇಲೆ ಹ್ಯಾಸ್ ಬರಕೂಡದು.’ ಒಟ್ಟು ಹನ್ನೊಂದು ಗುರುತು. ಬೇರೆ ಒಂದು ಮಾತಿಲ್ಲ. ಹೇಗಿದ್ದೀಯ ಎಂದೂ ಇಲ್ಲ.

ಆಮೇಲೆ ಯಾಕೆ ಬರೆಯಲಿಲ್ಲ ಎಂದು ನೀನೂ ಕೇಳಲಿಲ್ಲ.

ತಿದ್ದುಪಡಿ ಕಳಿಸುವುದಿಲ್ಲ.

*

ಜೂನ್ 14

ಅಮ್ಮ,

ಎರಡು ತಿಂಗಳಿಂದ ನೀನೂ ಬರೆದಿಲ್ಲ, ಫೋನೂ ಮಾಡಿಲ್ಲ. ನಾನೂ ಮಾಡಲಿಲ್ಲ. ಈಗ ಬರೆಯದೆ ವಿಧಿಯಿಲ್ಲ.

ಮಂಡಳಿಯ ಆದೇಶ ಬಂತು. ಅದರ ತಾತ್ಪರ್ಯ ಹೀಗಿದೆ: ಮ್ಯಾನೇಜರು ಸ್ವತಃ ಹದಿನಾರು ಗಂಟೆ ಸತತವಾಗಿ ಕರ್ತವ್ಯದಲ್ಲಿದ್ದರೆಂದು ಇನ್‌ಸ್ಪೆಕ್ಟರರ ವರದಿಯಿಂದ ತಿಳಿಯುತ್ತದೆ, ಅವರ ನಿಷ್ಠೆಯನ್ನು ಮಂಡಳಿ ಗಮನಿಸಿದೆ. ಮೆಕ್ಯಾನಿಕ್ ಮುಖ್ಯ ಸ್ವಿಚ್ಚು ಆರಿಸದೆ ಇಳಿದದ್ದು ಶುದ್ಧ ನಿರ್ಲಕ್ಷ್ಯ. ಅವರ ಪರವಾನಗಿ ರದ್ದು.

ಅಷ್ಟೇ. ಒಂದು ಸಾಲು. ಅದು ನಾನು ಬರೆದ ಸಾಲು.

ಮೆಕ್ಯಾನಿಕ್ ಸೋಮವಾರ ನಮ್ಮ ಕಚೇರಿಗೆ ಬಂದಿದ್ದರು, ಎರಡು ಕಂಕುಳಿಗೂ ಊರುಗೋಲು. ಹೆಂಡತಿ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡಿದ್ದರು. ನಮ್ಮ ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಅವರು ಲಿಫ್ಟು ಹತ್ತದೆ ಮೆಟ್ಟಿಲು ಹತ್ತಿ ಬಂದರು.

“ಮೇಡಂ, ನನಗೆ ಇಂಗ್ಲಿಷ್ ಓದೋಕೆ ಬರಲ್ಲ. ಓದಿದೋರು ಹೇಳಿದ್ರು, ಮ್ಯಾನೇಜರೇ ಹದಿನಾರು ಗಂಟೆ ದುಡಿದ್ರು ಅಂತ ನೀವು ಬರ್ದಿದೀರಂತೆ. ನಾನು ಹೇಳಿದ್ದು ನಿಮಗೆ ಸರಿಯಾಗಿ ಕೇಳಿಸ್ಲಿಲ್ವಾ?”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಾನೇ ಸರಿಯಾಗಿ ಹೇಳಲಿಲ್ಲವೇನೋ ಎಂಬ ಅನುಮಾನ ಆ ಮನುಷ್ಯನಿಗೆ.

ದೊಡ್ಡ ಸಾಹೇಬರ ಹತ್ತಿರ ಹೋದೆ. ಅವರು ಬಾಗಿಲು ಹಾಕಿಸಿ, “ನೋಡಮ್ಮ, ಆದೇಶ ಆದ್ಮೇಲೆ ವರದಿ ತಪ್ಪು ಅಂದ್ರೆ ಇಲಾಖೆ ಮುಖಕ್ಕೆ ಮಸಿ. ಅವನು ಬೇಕಾದ್ರೆ ಮೇಲ್ಮನವಿ ಹಾಕ್ಲಿ. ನೀನು ಕೈ ಹಾಕ್ಬೇಡ. ಹಿರಿಯ ಹುದ್ದೆ ಇನ್ನೂ ಕಾಯಂ ಆಗಿಲ್ಲ ನಿಂದು” ಎಂದರು. ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು.

ನೀನು ನಾಳೆಯೇ ಕಳಿಸು ಎಂದಿದ್ದೆ. ನಾನು ಹಟ ಮಾಡಿದೆ. ಈಗ ಹೇಗೆ ಬರೆಯಬೇಕು ಹೇಳು.

ನಿನ್ನ ಮಗಳು

*

ಜೂನ್ 18

ಗುಬ್ಬಿ,

ಮೊದಲು ಕೆಲಸದ ಮಾತು.

ತಿದ್ದುಪಡಿಯನ್ನು ಒಂದೇ ಹಾಳೆಯಲ್ಲಿ ಬರೆ. ‘ವಿಷಾದಿಸುತ್ತೇನೆ’ ಎಂದು ಶುರು ಮಾಡಬೇಡ, ಕಾರಣ ಹೇಳಬೇಡ, ಕಚೇರಿಯ ಅವಸರದ ಕಥೆ ಬೇಡ. ಇರುವ ಸಾಲನ್ನು ಹಾಗೇ ಬರೆ. ಅದರ ಕೆಳಗೆ ಇರಬೇಕಾದದ್ದನ್ನು ಎರಡು ವಾಕ್ಯ ಮಾಡಿ ಬರೆ: ಮೆಕ್ಯಾನಿಕ್ ಹದಿನಾರು ಗಂಟೆ ವಿರಾಮವಿಲ್ಲದೆ ದುಡಿದಿದ್ದರು. ಆಮೇಲೂ ಮ್ಯಾನೇಜರು ಅವರಿಗೆ ಇಳಿಯಲು ಆದೇಶಿಸಿದರು. ಮೂರನೆಯದಾಗಿ, ‘ವಾಕ್ಯರಚನೆಯ ತಪ್ಪು ನನ್ನದು’ ಎಂದು ಬರೆ. ‘ತಪ್ಪಾಗಿರುತ್ತದೆ’ ಅಲ್ಲ, ‘ತಪ್ಪು ನನ್ನದು.’ ಜೇಬಿನ ಪುಸ್ತಕದ ಆ ಪುಟದ ನಕಲು ಲಗತ್ತಿಸು, ದಿನಾಂಕ ಕಾಣುವ ಹಾಗೆ. ಗೋದಾಮಿನ ಗೇಟಿನಲ್ಲಿ ಬಂದುಹೋಗುವವರ ಪುಸ್ತಕ ಇದ್ದೇ ಇರುತ್ತದೆ. ಅದನ್ನು ತರಿಸಬೇಕೆಂದು ಕೇಳು.

ದೊಡ್ಡ ಸಾಹೇಬರು ಹೇಳುವ ಮಸಿಯ ಬಗ್ಗೆ ನನಗೂ ಸ್ವಲ್ಪ ಗೊತ್ತು. ನಿನಗೆ ಎರಡು ವರ್ಷವಾಗಿದ್ದಾಗ ನಮ್ಮ ಪ್ರೆಸ್ಸಿನಲ್ಲಿ ಶಾಲೆಯ ಪ್ರಯೋಗಾಲಯದ ಕೈಪಿಡಿ ಅಚ್ಚಾಯಿತು. ಆಸಿಡ್ಡಿಗೆ ನೀರು ಸುರಿಯಬೇಡಿ ಎಂಬ ಕಡೆ ‘ನಾಟ್’ ಬಿದ್ದುಹೋಗಿತ್ತು. ನಾನು ನೋಡಿ ಸಹಿ ಹಾಕಿದ ಪುಟ. ಮಾಲೀಕರು, “ಯಾರೂ ಅಷ್ಟು ಸೂಕ್ಷ್ಮವಾಗಿ ಓದಲ್ಲ ಬಿಡಿ” ಎಂದರು. ಓದದೆ ಹೋದರೆ ಸರಿ, ಓದಿದವರ ಕಣ್ಣು ಹೋಗುತ್ತದೆ ಎಂದೆ. ನಿಮ್ಮಪ್ಪ ಹದಿನೈದು ದಿನ ರಜೆ ಹಾಕಿದರು. ಗೋಂದಿನ ಡಬ್ಬ ಅವರ ಕೈಯಲ್ಲಿ, ತಿದ್ದುಪಡಿ ಚೀಟಿಗಳು ನನ್ನ ಚೀಲದಲ್ಲಿ, ನೀನು ಅವರ ಹೆಗಲ ಮೇಲೆ. ನಲವತ್ತೊಂದು ಶಾಲೆ ಬಸ್ಸಿನಲ್ಲಿ ಸುತ್ತಿ ಪುಸ್ತಕ ಪುಸ್ತಕಕ್ಕೂ ಅಂಟಿಸಿದೆವು. ಹೋದಲ್ಲೆಲ್ಲ ‘ತಪ್ಪು ಮಾಡಿದ್ದು ನಾನು, ಚೀಟಿ ಅಂಟಿಸಲು ಬಂದಿದ್ದೇನೆ’ ಎಂದೆ. ಒಬ್ಬರೂ ನಗಲಿಲ್ಲ. ಆಮೇಲೆ ಆ ಶಾಲೆಗಳವರೆಲ್ಲ ತಮ್ಮ ಪುಸ್ತಕಗಳನ್ನು ನಮ್ಮ ಪ್ರೆಸ್ಸಿಗೇ ತಂದರು.

ಇನ್ನು ಆ ಕಾಗದ.

ಎರಡು ತಿಂಗಳು ಏನೇನೋ ಬರೆದು ಹರಿದೆ. ಎಲ್ಲದರಲ್ಲೂ ಕಾರಣಗಳಿದ್ದವು. ಆ ವಾರ ಮನೆಯಲ್ಲಿ ಯಾವುದನ್ನು ಮುಟ್ಟಿದರೂ ನಿಮ್ಮಪ್ಪನದ್ದೇ ವಸ್ತು. ಪೆನ್ನೊಂದೇ ನನ್ನದು, ಅದಕ್ಕೇ ಅದನ್ನು ಹಿಡಿದು ಕೂತೆ, ಹೀಗೆಲ್ಲ. ನಿಜವೇ. ಆದರೆ ನಿನಗೆ ಹೇಳಿದ ಮಾತು ನನಗೂ ಅನ್ವಯಿಸುತ್ತದೆ. ನಾನು ನಿನ್ನನ್ನು ನೋಯಿಸಿದೆ. ತಪ್ಪು ನನ್ನದು.

ನಡೆದು ಮುಗಿದದ್ದಕ್ಕೆ ದಿನ ಹೇಳಿದರೆ ‘ಹ್ಯಾಸ್’ ಬಾರದು, ಅದು ನಿಯಮ. ನಡೆದದ್ದು ಇನ್ನೂ ನಮ್ಮ ಜೊತೆಗೇ ಇದ್ದರೆ ‘ಹ್ಯಾಸ್’, ಅದೂ ನಿಯಮ. ಆ ಮಂಗಳವಾರ ನನಗಿನ್ನೂ ಮುಗಿದಿಲ್ಲ. ನಿನಗೂ ಮುಗಿದಿರಲಿಲ್ಲ, ಅದನ್ನೇ ಬರೆದಿದ್ದೆ. ನೀನು ಬರೆದದ್ದೇ ಸರಿ.

ತಿದ್ದುಪಡಿಯನ್ನು ನನಗೆ ತೋರಿಸಬೇಕಾಗಿಲ್ಲ. ನಿನಗೆ ಬರುತ್ತದೆ. ನೇರ ಕಳಿಸು.

ಅಮ್ಮ

*

ಆಗಸ್ಟ್ 21

ಅಮ್ಮ,

ನಿನ್ನ ಕಾಗದ ಕೈಗೆ ಬಂದ ದಿನವೇ ಕಳಿಸಿದೆ. ದೊಡ್ಡ ಸಾಹೇಬರು ಸಹಿ ಹಾಕಲಿಲ್ಲ. ತಡೆಯಲೂ ಇಲ್ಲ. “ನಾನು ನೋಡಿಲ್ಲ ಅಂತ ಇಟ್ಕೋ” ಎಂದು ಕಿಟಕಿಯ ಕಡೆ ತಿರುಗಿ ಕೂತರು.

ಮರುವಿಚಾರಣೆ ಹೋದ ಗುರುವಾರ ನಡೆಯಿತು. ಉದ್ದನೆಯ ಕೋಣೆ, ಆರು ಫ್ಯಾನುಗಳಲ್ಲಿ ಎರಡು ಮಾತ್ರ ತಿರುಗುತ್ತಿದ್ದವು. ಮಂಡಳಿಯ ಅಧ್ಯಕ್ಷೆ ನಿನ್ನ ವಯಸ್ಸಿನವರು. ಮೆಕ್ಯಾನಿಕ್ ಮತ್ತು ಅವರ ಹೆಂಡತಿ ಗೋಡೆಯ ಪಕ್ಕದ ಬೆಂಚಿನಲ್ಲಿದ್ದರು. ಈಗ ಒಂದೇ ಊರುಗೋಲು.

ಗೋದಾಮಿನ ವಕೀಲರು ಎದ್ದರು. “ಮೆಕ್ಯಾನಿಕ್ ನಿಮ್ಮ ಕಚೇರಿಗೆ ಬಂದು ಅತ್ತುಕೊಂಡ. ನಿಮಗೆ ಕನಿಕರ ಬಂತು. ವಾಕ್ಯ ಬದಲಾಯ್ತು. ಹೌದಾ?”

“ಅವರು ಅಳಲಿಲ್ಲ ಸರ್. ತಪ್ಪಾಗಿ ಬರೆದಿದ್ದು ನಾನು. ವಾಕ್ಯ ಬದಲಾಗಿದೆ, ಘಟನೆ ಬದಲಾಗಿಲ್ಲ. ಜೇಬಿನ ಪುಸ್ತಕದಲ್ಲಿ ಅಪಘಾತದ ದಿನವೇ ಬರೆದಿದ್ದೀನಿ, ನೋಡಿ.”

“ಇಷ್ಟು ಸಣ್ಣ ವ್ಯಾಕರಣ ಈಗ ಯಾರು ಹೇಳಿಕೊಟ್ರು ನಿಮಗೆ?”

“ನಮ್ಮಮ್ಮ.”

ಯಾರೋ ಹಿಂದೆ ನಕ್ಕರು. ಅಧ್ಯಕ್ಷೆ ನಗಲಿಲ್ಲ. ಆ ಸಾಲನ್ನು ಎರಡು ಸಲ ತಮ್ಮಷ್ಟಕ್ಕೇ ಓದಿಕೊಂಡು, ಮ್ಯಾನೇಜರನ್ನು ಎದ್ದು ನಿಲ್ಲಲು ಹೇಳಿದರು.

“ಅವತ್ತು ನೀವು ಗೋದಾಮಿಗೆ ಬಂದಿದ್ದು ಎಷ್ಟು ಹೊತ್ತಿಗೆ?”

“ಒಂಬತ್ತೂವರೆಗೆ, ಮೇಡಂ.”

“ಲಿಫ್ಟ್ ಅಪಘಾತ ಆಗಿದ್ದು?”

“ಹತ್ತಕ್ಕೆ.”

“ಅರ್ಧ ಗಂಟೇಲಿ ಹದಿನಾರು ಗಂಟೆ ಕೆಲಸ ಹೇಗೆ ಮಾಡಿದ್ರಿ?”

ಮ್ಯಾನೇಜರು ವಕೀಲರ ಮುಖ ನೋಡಿದರು. ವಕೀಲರು ಮೇಜು ನೋಡಿದರು.

“ನಾನು ಹಾಗೆ ಹೇಳಿಲ್ಲ ಮೇಡಂ. ವರದೀಲಿ ಇತ್ತು.”

“ಇತ್ತು. ನಿಮಗೆ ಅನುಕೂಲವಾಗಿತ್ತು. ಸುಮ್ಮನಿದ್ರಿ” ಎಂದು ಅವರು ಗೇಟಿನ ಪುಸ್ತಕ ತರಿಸಿದರು. ಹಿಂದಿನ ದಿನದ ಪುಟದಲ್ಲಿ ಸಂಜೆ ಆರಕ್ಕೆ ಮೆಕ್ಯಾನಿಕ್ ಒಳಗೆ ಬಂದದ್ದು ಕಾವಲುಗಾರರ ಸೊಟ್ಟ ಅಕ್ಷರದಲ್ಲಿತ್ತು. ಹೊರಗೆ ಹೋದ ವೇಳೆಯ ಜಾಗದಲ್ಲಿ ‘ಆಂಬುಲೆನ್ಸ್’ ಎಂದು ಬರೆದಿತ್ತು.

ಪರವಾನಗಿ ವಾಪಸು ಸಿಕ್ಕಿತು. ದಣಿದವರನ್ನು ಗುಂಡಿಗಿಳಿಸಿದ್ದಕ್ಕೆ ಮ್ಯಾನೇಜರ ಮೇಲೆ ಪ್ರಕರಣ ನಡೆಯುತ್ತದೆ. ಹೊರಗೆ ವರಾಂಡದಲ್ಲಿ ಮೆಕ್ಯಾನಿಕ್, “ಹಾಗಾದ್ರೆ ನಾನು ಸರಿಯಾಗೇ ಹೇಳಿದ್ದೆ ಅಲ್ವಾ ಮೇಡಂ?” ಎಂದರು.

“ನೀವು ಸರಿಯಾಗೇ ಹೇಳಿದ್ರಿ. ನಾನು ತಪ್ಪಾಗಿ ಬರೆದೆ” ಎಂದೆ.

ಅವರ ಹೆಂಡತಿ ಅದುವರೆಗೂ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. “ಅಷ್ಟು ಜನದ ಮುಂದೆ ಹಾಗಂದ್ರಲ್ಲ, ಸಾಕು” ಎಂದರು.

ನನ್ನ ಹಿರಿಯ ಹುದ್ದೆ ಕಾಯಂ ಆಗುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಅದಕ್ಕೊಂದು ಮೆಮೋ ಬಂದಿದೆ, ಓದಿ ನಗಬೇಡ. ‘ಹ್ಯಾವಿಂಗ್ ಕಮಿಟೆಡ್ ಎ ಸೀರಿಯಸ್ ಎರರ್, ದಿಸ್ ಆಫೀಸ್ ವಾರ್ನ್ಸ್ ಯೂ.’ ಗಂಭೀರ ತಪ್ಪು ಮಾಡಿ, ಈ ಕಚೇರಿ ನನ್ನನ್ನು ಎಚ್ಚರಿಸುತ್ತಿದೆ! ತುಟಿ ಕಚ್ಚಿಕೊಂಡು ಸಹಿ ಹಾಕಿದೆ. ಗೆಳತಿಗೆ ತೋರಿಸಿದಾಗ ಅವಳು ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪದಲ್ಲಿ ಐದು ನಿಮಿಷ ಮೇಲೆ ಏಳಲಿಲ್ಲ. ದೊಡ್ಡ ಸಾಹೇಬರು ಮಾತ್ರ ಹೊಸದಾಗಿ ಸೇರಿದ ನಾಲ್ಕು ಇನ್‌ಸ್ಪೆಕ್ಟರುಗಳನ್ನು ನನ್ನ ಹತ್ತಿರ ಕಳಿಸಿ, “ವರದಿ ಬರೆಯೋದು ಇವಳ ಹತ್ರ ಕಲೀರಿ. ತಪ್ಪಿನ ಬೆಲೆ ಗೊತ್ತಿರೋಳು” ಎಂದರು.

ಅಮ್ಮ, ನನ್ನ ಮನೆ ನೀನು ನೋಡಿಲ್ಲ. ಎರಡು ಕೋಣೆ, ಬೀದಿಯ ಕಡೆಗೆ ಒಂದು ಬಾಲ್ಕನಿ. ಬೆಳಿಗ್ಗೆ ಏಳಕ್ಕೆ ಎದುರಿನ ದರ್ಜಿ ಅಂಗಡಿಯವರು ಷಟರ್ ಎತ್ತುವ ಸದ್ದಿಗೆ ಎಚ್ಚರವಾಗುತ್ತದೆ. ಬಂದು ಹತ್ತು ದಿನ ಇರು. ತಿದ್ದಲಿಕ್ಕೆ ಏನೂ ಇಲ್ಲ. ಸುಮ್ಮನೆ ಬಾ.

ಗುಬ್ಬಿ

*

ಆಗಸ್ಟ್ 27

ಗುಬ್ಬಿ,

ಮೆಮೋದ ಪ್ರತಿ ತಂದಿಟ್ಟುಕೊಂಡಿರು. ನಮ್ಮ ಕೋಣೆಯವರು ನಂಬುತ್ತಿಲ್ಲ.

ಇವತ್ತು ಮಾಲೀಕರ ಹತ್ತಿರ ರಜೆ ಕೇಳಿದೆ. ಇಷ್ಟು ವರ್ಷದಲ್ಲಿ ನಾನಾಗಿ ರಜೆ ಕೇಳಿದ್ದು ಇದೇ ಮೊದಲೆಂದು ಅವರಿಗೆ ದಿಗಿಲು. ರಜೆಯ ಪುಸ್ತಕವನ್ನೇ ತೆಗೆದುಕೊಂಡು ಕೂತರು.

“ಕಾರಣ ಏನಂತ ಬರ್ಕೊಳ್ಲಿ? ಹುಷಾರಿಲ್ವಾ?”

“ಹುಷಾರಾಗಿದೀನಿ. ಮಗಳ ಮನೆಗೆ ಹೋಗ್ತಿದೀನಿ.”

“ಏನು ವಿಶೇಷ? ಮನೇಲಿ ಏನಾದ್ರೂ ಕಾರ್ಯ ಇದೆಯಾ?”

“ಏನೂ ಇಲ್ಲ.”

“ಕಾರಣದ ಜಾಗ ಖಾಲಿ ಬಿಡೋ ಹಾಗಿಲ್ಲಮ್ಮ. ಏನಾದ್ರೂ ಒಂದು ಬರೀಬೇಕು.”

“ಕರೆದಿದ್ದಾಳೆ ಅಂತ ಬರೀರಿ” ಎಂದೆ.

ಬರೆದುಕೊಂಡರು. ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ.

ಅಮ್ಮ